ಗುಂಡನ ಬಾಯಿ ಮುಚ್ಚಿಸೋಕೆ ಮೊದಲು ನಾನು ಬಾಯಿ ಮುಚ್ಚಬೇಕಾಯಿತು

ಪಕ್ಕದ ಮನೆಯವರು ಜಗಳಕ್ಕೆ ಬಂದಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರು ನಗುತ್ತಲೇ ಕೇಳಿದರು: "ನಿಮ್ಮ ಗುಂಡ ಮಧ್ಯಾಹ್ನ ಮಲಗೋದೇ ಇಲ್ವಾ?" ಅವರ ಮನೆಯಲ್ಲಿ ಹಸುಗೂಸಿತ್ತು. ನನಗೆ ಮುಖ ಎಲ್ಲಿಡಬೇಕೋ ಗೊತ್ತಾಗಲಿಲ್ಲ.

ನಮ್ಮ ನಾಯಿ ಗುಂಡನಿಗೆ ಆಗ ಎರಡು ವರ್ಷ. ಗೇಟಿನ ಮುಂದೆ ಯಾರಾದರೂ ನಡೆದರೆ ಬೊಗಳುತ್ತಿದ್ದ, ಬೆಲ್ ಹೊಡೆದರೆ ಬೊಗಳುತ್ತಿದ್ದ, ನಾನು ಫೋನ್ ಹಿಡಿದು ಕೂತರೆ ಎದುರಿಗೆ ಬಂದು ನಿಂತು ಬೊಗಳುತ್ತಿದ್ದ. ನಾನೇನು ಕಡಿಮೆಯೇ? "ಏಯ್, ಸುಮ್ನಿರೋ!" ಅಂತ ಅವನಿಗಿಂತ ಜೋರಾಗಿ ಕೂಗುತ್ತಿದ್ದೆ. ಅವನ ಕಿವಿಗೆ ಅದು ಹೇಗೆ ಕೇಳಿಸಿರಬಹುದು ಅಂತ ನೆನೆದರೆ ಈಗ ನಗು ಬರುತ್ತದೆ. ಅಮ್ಮನೂ ಜೊತೆಗೆ ಬೊಗಳುತ್ತಿದ್ದಾಳೆ, ಅಂದಮೇಲೆ ಗೇಟಿನಲ್ಲಿ ಏನೋ ಇರಲೇಬೇಕು!

ಕೂಗೋದು ಬಿಟ್ಟು ಒಂದು ವಾರ ನೋಟ್‌ಬುಕ್ ಹಿಡಿದೆ. ಎಷ್ಟು ಹೊತ್ತಿಗೆ ಬೊಗಳಿದ, ಎತ್ತ ನೋಡಿ ಬೊಗಳಿದ, ಬೊಗಳಿದ ಮೇಲೆ ಏನಾಯಿತು, ಇಷ್ಟೇ ಬರೆಯುತ್ತಿದ್ದದ್ದು. ಕಣ್ಣು ತೆರೆಸಿದ್ದು ಮೂರನೆಯದು.

"10:40. ಕಿಟಕಿ. ಕೊರಿಯರ್ ಹುಡುಗ. ಬೊಗಳಿದ, ಹುಡುಗ ಹೋದ."
"6:15. ನಾನು ಫೋನಿನಲ್ಲಿ. ಬೊಗಳಿದ, ಚೆಂಡು ಎಸೆದೆ."

ಕೊರಿಯರ್ ಹುಡುಗ ಹೇಗಿದ್ದರೂ ಹೋಗುವವನೇ. ಆದರೆ ಗುಂಡನ ಲೆಕ್ಕದಲ್ಲಿ ಓಡಿಸಿದ್ದು ಅವನು. ದಿನಕ್ಕೆ ಹತ್ತು ಸಲ ಯುದ್ಧ, ಹತ್ತು ಸಲವೂ ಗೆಲುವು. ಯಾರು ತಾನೇ ಬಿಡ್ತಾರೆ? ಇನ್ನು ಫೋನಿನ ವಿಷಯದಲ್ಲಂತೂ ಬೊಗಳಿದ್ದಕ್ಕೆ ನಾನೇ ಕೂಲಿ ಕೊಡುತ್ತಿದ್ದೆ. ಮೇಲ್ನೋಟಕ್ಕೆ ಎಲ್ಲವೂ ಒಂದೇ ಬೊಗಳಾಟ. ಒಳಗೆ ನೋಡಿದರೆ ಮೂರು ಬೇರೆ ಬೇರೆ ಕಾರಣ. ಮೂರಕ್ಕೂ ಒಂದೇ ಮದ್ದು ಹುಡುಕುತ್ತಿದ್ದದ್ದು ನನ್ನ ತಪ್ಪು.

ಕಿಟಕಿಯದು ಅರ್ಧ ದಿನದ ಕೆಲಸ. ಗಾಜಿನ ಕೆಳಗಿನ ಅರ್ಧಕ್ಕೆ ಬೆಳಕು ಮಾತ್ರ ಬಿಡುವ ಮಬ್ಬು ಹಾಳೆ ಅಂಟಿಸಿದೆ, ಅವನು ಹತ್ತಿ ನಿಲ್ಲುತ್ತಿದ್ದ ಸೋಫಾ ಆಚೆ ಸರಿಸಿದೆ. ಇದು ಕಲಿಸಿದಂತೆ ಆಗಲಿಲ್ಲವಲ್ಲ, ಮೋಸ ಅಲ್ವಾ ಅನ್ನಿಸಿತ್ತು. ಅಲ್ಲ. ಪ್ರತಿ ಸಲ ಬೊಗಳಿದಾಗಲೂ ಅಭ್ಯಾಸ ಇನ್ನಷ್ಟು ಗಟ್ಟಿಯಾಗುತ್ತದೆ. ಆ ಅವಕಾಶವೇ ತಪ್ಪಿದರೆ ಉಳಿದದ್ದನ್ನು ಕಲಿಸೋಕೆ ನೆಮ್ಮದಿ ಸಿಗುತ್ತದೆ.

ಫೋನಿನ ಬೊಗಳಾಟದಲ್ಲಿ ನಾನು ಚೆನ್ನಾಗಿಯೇ ಎಡವಿದೆ. ಬೊಗಳಿದರೆ ನೋಡಬಾರದು, ಮಾತಾಡಬಾರದು, ಮುಟ್ಟಬಾರದು ಅಂತ ತೀರ್ಮಾನಿಸಿದ್ದೆ. ಮೂರು ದಿನ ನಡೆಯಿತು. ನಾಲ್ಕನೇ ದಿನ ಅವನು ಮೊದಲಿಗಿಂತ ಜೋರಾಗಿ ಶುರು ಮಾಡಿದ. ಕಾಲು ಕೆರೆದ, ನನ್ನ ಚಪ್ಪಲಿ ತಂದು ಹಾಕಿದ, ಮತ್ತೆ ಬೊಗಳಿದ. ಹನ್ನೆರಡನೇ ನಿಮಿಷಕ್ಕೆ ತಡೆಯಲಾರದೆ ಚೆಂಡು ಎಸೆದುಬಿಟ್ಟೆ. ಹನ್ನೆರಡು ನಿಮಿಷ ಹಟ ಹಿಡಿದರೆ ಚೆಂಡು ಸಿಗುತ್ತದೆ ಅಂತ ಆವತ್ತು ನಾನೇ ಕಲಿಸಿದಂತಾಯಿತು.

ಕೂಲಿ ನಿಂತಾಗ ಬೊಗಳಾಟ ಕಡಿಮೆಯಾಗುವ ಮೊದಲು ಒಮ್ಮೆ ಏರುವುದುಂಟು. ಇದು ಬಹಳಷ್ಟು ನಾಯಿಗಳಲ್ಲಿ ಕಾಣುವಂಥದ್ದೇ. ಕಾಸು ನುಂಗಿದ ಮೆಷಿನ್ನನ್ನು ನಾವು ಗುದ್ದುವುದಿಲ್ಲವೇ, ಹಾಗೆ. ಅಲ್ಲಿ ಸೋತರೆ ಮೊದಲಿಗಿಂತ ಕಷ್ಟ, ಏಕೆಂದರೆ ಒಂದೊಂದು ಸಲ ಮಾತ್ರ ಸಿಗುವ ಗೆಲುವಿನ ಆಸೆ ಲಾಟರಿಯ ಹಾಗೆ, ಬೇಗ ಬಿಡುವುದಿಲ್ಲ. ಮತ್ತೆ ಮೊದಲಿನಿಂದ ಶುರು ಮಾಡಿದೆ, ಮನೆಯವರೆಲ್ಲರಿಗೂ ಹೇಳಿ. ಈ ಸಲ ಒಂದು ಬದಲಾವಣೆ ಇತ್ತು. ಕಡೆಗಣಿಸುವುದಷ್ಟೇ ಮಾಡಿದರೆ ಅವನಿಗೆ ಅನ್ಯಾಯ. ಅವನಿಗೆ ಬೇಜಾರಾಗಿತ್ತು, ಅದು ಸುಳ್ಳಲ್ಲ. ಫೋನ್ ಮಾಡುವ ಮೊದಲೇ ಹೊರಗೆ ಕರೆದುಕೊಂಡು ಹೋಗಿ, ಓಡಿಸದೆ, ಅವನಿಗೆ ಬೇಕಾದಷ್ಟು ಮೂಸಲು ಬಿಟ್ಟೆ. ಬಂದ ಮೇಲೆ ಕಡಿಯಲು ಒಂದು ಆಟಿಕೆ. ಅವನು ತಾನಾಗಿ ಮಲಗಿದಾಗ ಸದ್ದಿಲ್ಲದೆ ಮುಂಗಾಲಿನ ನಡುವೆ ಒಂದು ಚೂರು ತಿಂಡಿ. ಸುಮ್ಮನೆ ಮಲಗಿದ ನಾಯಿಯನ್ನು ಯಾರೂ ಗಮನಿಸುವುದಿಲ್ಲ ನೋಡಿ. ಗಮನವೆಲ್ಲ ಗಲಾಟೆ ಮಾಡಿದಾಗಲೇ. ಎರಡೂವರೆ ವಾರ ಹಿಡಿಯಿತು.

ಬೆಲ್ ಮಾತ್ರ ಎಲ್ಲಕ್ಕಿಂತ ಜಾಸ್ತಿ ಹೊತ್ತು ತಿಂದಿತು.

ನಮ್ಮ ಬೆಲ್ ಸದ್ದನ್ನೇ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಬಾಗಿಲಿನಿಂದ ದೂರ ಒಂದು ಚಾಪೆ ಹಾಸಿದೆ. ಸದ್ದನ್ನು ತೀರಾ ಸಣ್ಣಗೆ ಇಟ್ಟು ಒಂದು ಸಲ ಬಾರಿಸುವುದು, ಒಂದು ಸೆಕೆಂಡ್ ಬಿಟ್ಟು ಚಾಪೆಯ ಮೇಲೆ ಬೇಯಿಸಿದ ಕೋಳಿಯ ಚೂರು ಇಡುವುದು. ಬಟಾಣಿ ಕಾಳಿನಷ್ಟು ಸಾಕು. ಮೊದಲು ಸದ್ದು, ಆಮೇಲೆ ತಿಂಡಿ. ಹಿಂದುಮುಂದಾದರೆ ಪ್ರಯೋಜನವಿಲ್ಲ. ದಿನಕ್ಕೆ ಎರಡು ಸಲ, ಐದೈದು ನಿಮಿಷ. ಒಂದೊಂದೇ ಗೆರೆ ಸದ್ದು ಏರಿಸುತ್ತಾ ಹೋದೆ. ಬೊಗಳಿದ ಅಂದರೆ ನಾನು ಅವಸರಪಟ್ಟೆ ಅಂತ, ಎರಡು ಗೆರೆ ಇಳಿಸುತ್ತಿದ್ದೆ. ಹತ್ತು ದಿನಕ್ಕೆ ಸದ್ದಾದರೆ ಬಾಗಿಲ ಕಡೆ ನೋಡುವುದು ಬಿಟ್ಟು ಚಾಪೆ ನೋಡತೊಡಗಿದ.

ಗೆದ್ದೆ ಅಂದುಕೊಂಡು ಮಗಳನ್ನು ಹೊರಗೆ ಕಳಿಸಿ ನಿಜವಾದ ಬೆಲ್ ಒತ್ತಿಸಿದೆ. ಮನೆ ಕಿತ್ತುಹೋಗುವ ಹಾಗೆ ಬೊಗಳಿದ.

ಯೋಚಿಸಿದರೆ ಗೊತ್ತಾಯಿತು. ಸದ್ದು ಎಷ್ಟು ಕೀಚಲು ಅನ್ನುವುದನ್ನು ಹರ್ಟ್ಸ್‌ನಲ್ಲಿ ಅಳೆಯುತ್ತಾರೆ; ನಮಗೆ ಕೇಳುವುದು ಹೆಚ್ಚೆಂದರೆ 20,000 ಹರ್ಟ್ಸ್‌ವರೆಗೆ, ನಾಯಿಗೆ ಸುಮಾರು 45,000ದವರೆಗೆ. ಫೋನಿನ ಬೆಲ್ ಮತ್ತು ಗೋಡೆಯ ಬೆಲ್ ನನ್ನ ಕಿವಿಗೆ ಒಂದೇ ಆದರೂ ಅವನ ಕಿವಿಗೆ ಹಾಗಿರಬೇಕೆಂದಿಲ್ಲ. ಅದಕ್ಕಿಂತ ಮುಖ್ಯ, ನಿಜವಾದ ಬೆಲ್‌ಗೆ ಮೊದಲು ಗೇಟಿನ ಚಿಲಕದ ಸದ್ದು ಬರುತ್ತದೆ, ಆಮೇಲೆ ಹೆಜ್ಜೆ ಸದ್ದು. ಅವನು ಕಾವಲು ಶುರು ಮಾಡುವುದೇ ಚಿಲಕದಿಂದ. ಹಾಗಾಗಿ ಪಾಠವೂ ಅಲ್ಲಿಂದಲೇ. ಬರೀ ಚಿಲಕ, ತಿಂಡಿ. ಚಿಲಕ ಮತ್ತು ನಾಲ್ಕು ಹೆಜ್ಜೆ, ತಿಂಡಿ. ಕೊನೆಗೆ ಬೆಲ್. ಮಗಳಿಗೆ ಗೇಟು ತೆಗೆದು ಮುಚ್ಚಿ ಸಾಕಾಗಿ ಹೋಯಿತು.

ಹತ್ತಿರ ಕೂತು ನೋಡಿದಾಗ ಇನ್ನೊಂದು ಕಂಡಿತು. ಬೊಗಳುವ ಮೊದಲು ಅವನ ಕಿವಿ ಮುಂದಕ್ಕೆ ಬರುತ್ತದೆ, ತೆರೆದಿದ್ದ ಬಾಯಿ ಟಪ್ಪೆಂದು ಮುಚ್ಚುತ್ತದೆ, ಉಸಿರು ನಿಲ್ಲುತ್ತದೆ, ಕೆನ್ನೆ ಉಬ್ಬಿ "ಬುಫ್" ಅನ್ನುತ್ತಾನೆ. ಆ ಅರ್ಧ ಸೆಕೆಂಡಿನಲ್ಲಿ ಮೆತ್ತಗೆ "ಗುಂಡಾ" ಅಂದರೆ ತಿರುಗಿ ನೋಡುತ್ತಾನೆ. ಅದು ದಾಟಿದರೆ ಹೆಸರೂ ಕೇಳುವುದಿಲ್ಲ, ಮೂಗಿನ ಮುಂದೆ ಕೋಳಿ ಹಿಡಿದರೂ ಬೇಡ. ತಿಂಡಿ ಬೇಡ ಅಂದರೆ ಪಾಠ ಮುಗಿಯಿತು ಅಂತಲೇ ಅರ್ಥ. ದೂರ ಕರೆದುಕೊಂಡು ಹೋಗಬೇಕು, ಅಷ್ಟೆ.

"ಸಾಕು" ಅನ್ನುವುದನ್ನೂ ಕಲಿಸಿದೆ. ಎರಡು ಸಲ ಬೊಗಳಲು ಬಿಟ್ಟು, ಮಧ್ಯೆ ಉಸಿರು ತೆಗೆದುಕೊಂಡಾಗ "ಸಾಕು", ಎರಡು ಸೆಕೆಂಡ್ ಮೌನಕ್ಕೆ ತಿಂಡಿ. ಆಮೇಲೆ ಮೂರು, ಐದು, ಹತ್ತು. ಒಂದು ವಾರಕ್ಕೆ ಗುಂಡ ಏನು ಮಾಡಿದ ಗೊತ್ತಾ? ಯಾರೂ ಇಲ್ಲದಾಗ ಗೋಡೆ ನೋಡಿ ಎರಡು ಸಲ ಬೊಗಳಿ, ಬಾಯಿ ಮುಚ್ಚಿ, ನನ್ನ ಕಡೆ ತಿರುಗಿದ. ಮಗಳು ಕೇಳಿದಳು: "ಅಮ್ಮಾ, ನೀನು ಅವನಿಗೆ ಕಲಿಸ್ತಿದ್ದೀಯಾ, ಅವನು ನಿಂಗೆ ಕಲಿಸ್ತಿದ್ದಾನಾ?" ಅವತ್ತಿನಿಂದ ದೊಡ್ಡ ಚೂರು ಬೊಗಳದೇ ಇದ್ದಾಗ ಮಾತ್ರ.

ಶಾಕ್ ಕೊಡುವ ಕಾಲರ್ ಹಾಕಿ ಅಂತ ಹೇಳಿದವರೂ ಇದ್ದರು. ನನಗೆ ಒಪ್ಪಿಗೆಯಾಗಲಿಲ್ಲ. ವೇಲ್ಸ್‌ನಲ್ಲಿ 2010ರಲ್ಲೇ ಅದನ್ನು ನಿಷೇಧಿಸಿದ್ದಾರೆ. ಗೇಟಿನಲ್ಲಿ ಮನುಷ್ಯ ಕಂಡಾಗಲೆಲ್ಲ ಕುತ್ತಿಗೆಗೆ ನೋವಾದರೆ, ನೋವಿಗೆ ಆ ಮನುಷ್ಯನೇ ಕಾರಣ ಅಂತ ನಾಯಿ ತಿಳಿಯಬಹುದು. ಬೊಗಳುವುದು ನಿಂತರೂ ಭಯ ಒಳಗೇ ಉಳಿಯುತ್ತದೆ. ಬೊಗಳದೆ ಸೀದಾ ಕಚ್ಚುವ ನಾಯಿ ನನಗೆ ಬೇಡ.

ಒಂದು ಮಾತು: ನಾವಿಲ್ಲದಾಗ ಮಾತ್ರ ಬೊಗಳುವ ನಾಯಿಗೆ ಇದ್ಯಾವುದೂ ನಾಟುವುದಿಲ್ಲ. ನಾನು ಹೊರಗೆ ಹೋಗುವಾಗ ಹಳೇ ಫೋನಿನಲ್ಲಿ ವಿಡಿಯೋ ಇಟ್ಟು ನೋಡಿದ್ದೆ. ಗುಂಡ ಐದು ನಿಮಿಷಕ್ಕೆ ನಿದ್ದೆ ಹೋಗಿದ್ದ. ಜೊಲ್ಲು ಸುರಿಸುತ್ತಾ ಬಾಗಿಲು ಕೆರೆಯುತ್ತಿದ್ದರೆ ಅದು ಒಂಟಿತನದ ಗಾಬರಿ, ದಾರಿಯೇ ಬೇರೆ. ವಯಸ್ಸಾದ ನಾಯಿ ಇದ್ದಕ್ಕಿದ್ದಂತೆ ಬೊಗಳಲು ಶುರು ಮಾಡಿದರೂ ಮೊದಲು ಪಶುವೈದ್ಯರಿಗೆ ತೋರಿಸಿ. ನೋವಿರಬಹುದು, ಕಿವಿ ಮಂದವಾಗಿರಬಹುದು.

ಈಗಲೂ ಬೆಲ್ ಹೊಡೆದರೆ ಒಮ್ಮೊಮ್ಮೆ "ಬುಫ್" ಅನ್ನುತ್ತಾನೆ, ಆಮೇಲೆ ಚಾಪೆಗೆ ಹೋಗಿ ಕೂರುತ್ತಾನೆ. ಟಿವಿ ಧಾರಾವಾಹಿಯಲ್ಲಿ ಬೆಲ್ ಹೊಡೆದರೂ ಎದ್ದು ಹೋಗಿ ಕೂತು ನನ್ನ ಮುಖ ನೋಡುತ್ತಾನೆ. ನಾನೂ ಎದ್ದು ಹೋಗಿ ಚೂರು ಕೊಟ್ಟು ಬರುತ್ತೇನೆ.