ದೃಷ್ಟಿಬೊಟ್ಟು ಎಲ್ಲಿ ಹೋಯ್ತು?

ಮುಂಬಯಿ ಹತ್ತಿರದ ನಮ್ಮ ಡೊಂಬಿವಲಿ ಬಿಲ್ಡಿಂಗ್‌ನ ಮೂರನೇ ಮಾಳಿಗೆಯಲ್ಲಿ ಉಡುಪಿ ಕಡೆಯ ಅಜ್ಜಿಯೊಬ್ಬರು ಇದ್ದಾರೆ. ಅವರ ಹನ್ನೊಂದು ತಿಂಗಳ ಮೊಮ್ಮಗಳ ಕಪ್ಪು ಬಿಳುಪು ಫೋಟೋ ಮಾಡಿಕೊಟ್ಟೆ. ಕನ್ನಡಕ ಏರಿಸಿಕೊಂಡು ನೋಡಿದರು. "ಚಂದ ಉಂಟು. ಯಾರ ಮಗು ಮಾರಾಯ್ತಿ ಇದು?" ಅಂದರು. ತಮಾಷೆಗಲ್ಲ, ನಿಜವಾಗಿಯೇ ಕೇಳಿದ್ದು. ಆಮೇಲೆ ಇನ್ನೊಂದು ಪ್ರಶ್ನೆ: "ನಾನು ಇಟ್ಟ ದೃಷ್ಟಿಬೊಟ್ಟು ಎಲ್ಲಿ ಹೋಯ್ತು?"

ಅಳಿಸಿದ್ದು ನಾನೇ. ಕೆನ್ನೆ ಮೇಲೆ ಕಾಡಿಗೆಯ ಮಚ್ಚೆ ಕಂಡಿತು, ಎಡಿಟಿಂಗ್‌ನಲ್ಲಿ ಕಲೆ ಅಳಿಸುವ ಹೀಲಿಂಗ್ ಬ್ರಷ್ ಕೈಯಲ್ಲೇ ಇತ್ತು, ಒಂದು ಕ್ಲಿಕ್ ಮಾಡಿದೆ. ಅದೊಂದೇ ಆಗಿದ್ದರೆ ಪರವಾಗಿರಲಿಲ್ಲ. ಗೆರೆ, ನೆರಳು ಎದ್ದು ಕಾಣಿಸುವ ಕ್ಲಾರಿಟಿಯನ್ನು 45ಕ್ಕೆ ಏರಿಸಿದ್ದೆ. ಚರ್ಮ ನುಣ್ಣಗೆ ಮಾಡಿದ್ದೆ. ಕಣ್ಣಿನ ಬಿಳಿಯನ್ನು ಇನ್ನಷ್ಟು ಬೆಳ್ಳಗೆ ಮಾಡಿ, ಫೋಟೋದ ಅಂಚಿನ ಸುತ್ತ ಕಪ್ಪು ನೆರಳು (ವಿನ್ಯೆಟ್) ಹಾಕಿದ್ದೆ. ಮೂರು ಗಂಟೆಯ ಕೆಲಸ. ಮಗು ಪಿಂಗಾಣಿ ಗೊಂಬೆ ಆಗಿತ್ತು.

ಆ ರಾತ್ರಿ ಅದೇ ರಾ ಫೈಲ್ (ಕ್ಯಾಮೆರಾ ಕಂಡದ್ದನ್ನೆಲ್ಲ ಹಾಗೇ ಇಟ್ಟುಕೊಳ್ಳುವ ಮೂಲ ಫೈಲ್) ಮತ್ತೆ ತೆರೆದು ಎಲ್ಲ ರೀಸೆಟ್ ಮಾಡಿದೆ. ರಾ ಇದ್ದದ್ದು ಪುಣ್ಯ. ಕ್ಯಾಮೆರಾವನ್ನು ಮೊನೊಕ್ರೋಮ್‌ಗೆ ಇಟ್ಟರೂ ರಾ ಫೈಲ್‌ನಲ್ಲಿ ಬಣ್ಣ ಉಳಿದಿರುತ್ತದೆ. ಕ್ಯಾಮೆರಾವೇ ಕುಗ್ಗಿಸಿ ಕೊಡುವ ಜೆಪೆಗ್ ಮಾತ್ರ ತೆಗೆದಿದ್ದರೆ ಬಣ್ಣ ಹೋಯಿತು. ಬಣ್ಣದ ಜೆಪೆಗ್ ಇದ್ದರೂ ಕೆಂಪು, ಹಸಿರು, ನೀಲಿ ಒಂದೊಂದು ಚಾನೆಲ್‌ಗೆ 256 ಹಂತ ಮಾತ್ರ. ಸ್ವಲ್ಪ ಜಾಸ್ತಿ ಎಳೆದರೆ ಮಗುವಿನ ಕೆನ್ನೆಯಲ್ಲಿ ತೇಪೆ ತೇಪೆ ಕಾಣುತ್ತದೆ.

ಕಪ್ಪು ಬಿಳುಪಿನಲ್ಲಿ ಬಣ್ಣದ ಮಾತು ಯಾಕೆ ಅಂತೀರಾ? ಅಲ್ಲೇ ಇರೋದು ಎಲ್ಲ. ಯಾವ ಬಣ್ಣ ಎಷ್ಟು ಬೆಳ್ಳಗೆ, ಎಷ್ಟು ಕಪ್ಪಗೆ ಬರಬೇಕು ಅಂತ ಒಂದೊಂದು ಬಣ್ಣಕ್ಕೂ ಒಂದು ಸ್ಲೈಡರ್ ಇರುತ್ತದೆ. ನಮ್ಮವರ ಚರ್ಮದ ಬಣ್ಣ ಹೆಚ್ಚಾಗಿ ಆರೆಂಜ್ ಸ್ಲೈಡರ್ ಕೈಯಲ್ಲಿದೆ. ಅದನ್ನು ಮೇಲೆ ಎಳೆದರೆ ಮುಖ ಬೆಳಗುತ್ತದೆ. ನೋಡೋಕೆ ಖುಷಿ ಆಗುತ್ತದೆ, ಇನ್ನೂ ಎಳೆಯುತ್ತೀರಿ. ಗೋಧಿ ಬಣ್ಣದ ಮಗು ಸುಣ್ಣ ಬಳಿದ ಗೋಡೆಯಾಗುತ್ತದೆ. ಮಗುವನ್ನು ಬೆಳ್ಳಗೆ ಮಾಡಿಕೊಡಿ ಅಂತ ನನ್ನನ್ನು ಯಾರೂ ಕೇಳಿರಲಿಲ್ಲ, ಆದರೂ ನನ್ನ ಕೈ ಅತ್ತ ಹೋಗಿತ್ತು. ಈಗ 10 ದಾಟುವುದಿಲ್ಲ. ಎಷ್ಟೋ ಸಲ ಸೊನ್ನೆಯಲ್ಲೇ ಬಿಡುತ್ತೇನೆ.

ಕೆಂಪು ಸ್ಲೈಡರ್ ಇನ್ನೂ ಮೋಸಗಾರ. ನವರಾತ್ರಿಯಲ್ಲಿ ಲಂಗ ರವಿಕೆ ಹಾಕಿದ್ದ ಆರು ವರ್ಷದ ಹುಡುಗಿಯ ಫೋಟೋ ತೆಗೆದಿದ್ದೆ. ತುಟಿ ಸ್ವಲ್ಪ ತಿಳಿಯಾಗಲಿ ಅಂತ ಕೆಂಪು ಏರಿಸಿದೆ, ಹಣೆಯ ಕುಂಕುಮವೇ ಮಾಯ! ಕೆಳಗೆ ಎಳೆದರೆ ಕುಂಕುಮ ವಾಪಸ್ ಬರುತ್ತದೆ, ಜೊತೆಗೆ ತುಟಿಯೂ ಕಪ್ಪಾಗುತ್ತದೆ. ಹಿಂದಿನ ಆರ್ಥೋಕ್ರೊಮ್ಯಾಟಿಕ್ ಫಿಲ್ಮ್‌ಗೆ ಕೆಂಪು ಕಾಣುತ್ತಲೇ ಇರಲಿಲ್ಲ, ಹಾಗಾಗಿ ಅದರಲ್ಲಿ ತುಟಿ, ಕುಂಕುಮ ಎರಡೂ ಕಪ್ಪಗೇ ಬರುತ್ತಿದ್ದವು. ನಾನು ಕುಂಕುಮ ಬೂದು ಬಣ್ಣಕ್ಕೆ ಬರುವಷ್ಟು ಮಾತ್ರ ಇಳಿಸಿ, ತುಟಿಯನ್ನು ಬ್ರಷ್‌ನಿಂದ ಚೂರೇ ಚೂರು ಎತ್ತಿದೆ.

ಕ್ಲಾರಿಟಿ ದೊಡ್ಡವರಿಗೆ ಒಪ್ಪಬಹುದು. ಮೀನು ಮಾರುವ ಕೋಳಿ ಸಮುದಾಯದ ಹೆಂಗಸಿನ ಮುಖಕ್ಕೆ ಹಾಕಿ, ಚಂದ ಕಾಣುತ್ತದೆ. ಅದು ನಡುವಿನ ಬೂದು ಛಾಯೆಗಳ ನಡುವೆ ಅಂತರ ಹೆಚ್ಚಿಸುತ್ತದೆ, ಮಗುವಿನ ಮುಖ ಪೂರ್ತಿ ಇರುವುದೇ ಆ ನಡುವಿನ ಛಾಯೆಗಳಲ್ಲಿ. ಕಣ್ಣ ಕೆಳಗೆ ಗೆರೆ, ಮೂಗಿನ ಪಕ್ಕ ನೆರಳು, ಎರಡು ವರ್ಷದ ಮಗುವಿಗೆ ಆಫೀಸಿನಿಂದ ಬಂದ ಸುಸ್ತು. ಹಾಗಂತ ಮೈನಸ್‌ಗೆ ಇಳಿಸಿದರೆ ಮಂಜು ಮುಸುಕಿದ ಹಾಗೆ. ಸೊನ್ನೆಗೆ ಬಿಟ್ಟು, ಕಪ್ಪು ಬಿಳುಪಿನ ಹದ ತಿದ್ದುವ ಗೆರೆಯಾದ ಟೋನ್ ಕರ್ವ್‌ನಲ್ಲಿ ಸಣ್ಣ ಬಾಗು ಕೊಟ್ಟರೆ ಸಾಕು. ರೆಪ್ಪೆ, ಹುಬ್ಬಿಗೆ ಬೇಕಾದರೆ ಬ್ರಷ್‌ನಲ್ಲಿ, ಸಣ್ಣ ವಿವರ ಎತ್ತಿ ತೋರಿಸುವ ಟೆಕ್ಸ್ಚರ್ 10.

ಕಣ್ಣಿನ ಬಿಳಿ ಮುಟ್ಟುವುದನ್ನು ಬಿಟ್ಟೇಬಿಟ್ಟಿದ್ದೇನೆ. ಪುಟ್ಟ ಮಕ್ಕಳ ಕಣ್ಣು ಮೊದಲೇ ತಿಳಿ, ಕೆಲವರದ್ದು ನಸು ನೀಲಿ ಕೂಡ. ಹಿಂದಿನ ನೀಲಿ ಗೋಡೆ ಕಪ್ಪಾಗಲಿ ಅಂತ ನೀಲಿ ಸ್ಲೈಡರ್ ಇಳಿಸುವಾಗ ಕಣ್ಣು ಮಂಕಾಗುತ್ತಿಲ್ಲ ಅಲ್ವಾ ಅಂತ ನೋಡಿಕೊಂಡರೆ ಆಯಿತು.

ನಿಜವಾದ ಕಾಟ ಅಂದರೆ ತೆಂಗಿನೆಣ್ಣೆ. ಫೋಟೋ ಅಂತ ಗೊತ್ತಾದ ಕೂಡಲೇ ತಲೆಗೆ ಚೆನ್ನಾಗಿ ಹಚ್ಚಿ ಬಾಚಿ ಕಳಿಸುತ್ತಾರೆ. ಹಣೆ ಮಿರಮಿರ. ಹೈಲೈಟ್ಸ್ (ತೀರಾ ಬೆಳಗುವ ಭಾಗ) 30 ಇಳಿಸಿದರೆ ತಹಬಂದಿಗೆ ಬರುತ್ತದೆ, ಪೂರ್ತಿ ಬಿಳಿಯಾಗಿ ಹೋಗಿದ್ದರೆ ಏನೂ ಮಾಡೋಕಾಗಲ್ಲ. ಅದಕ್ಕೇ ತೆಗೆಯುವಾಗಲೇ ಒಂದಿಷ್ಟು ಕತ್ತಲೆಗೆ ತೆಗೆಯುತ್ತೇನೆ.

ಬೆಳಕು ಸರಿ ಇದ್ದರೆ ಈ ಕಸರತ್ತು ಅರ್ಧಕ್ಕರ್ಧ ತಪ್ಪುತ್ತದೆ. ಜುಲೈನಲ್ಲಿ ಮುಂಬಯಿಯ ಮೋಡವೇ ಬೆಳಕನ್ನು ಸೋಸಿ ಕೊಡುತ್ತದೆ. ಬಿಸಿಲಿನ ದಿನ ಕಿಟಕಿಯ ಗ್ರಿಲ್ ಮಗುವಿನ ಮುಖದ ಮೇಲೆ ಜೈಲಿನ ಕಂಬಿ ಬರೆಯುತ್ತದೆ, ಆಗ ಒಂದು ಬಿಳಿ ಪಂಚೆ ಕಿಟಕಿಗೆ, ಬೆಳಕು ಮುಖಕ್ಕೆ ತಿರುಗಿ ಬೀಳಲಿ ಅಂತ ಇನ್ನೊಂದು ಎದುರಿನ ಕುರ್ಚಿಗೆ.

ಇಷ್ಟೆಲ್ಲ ಆದ ಮೇಲೂ ಅದೇ ದಿನ ಯಾರಿಗೂ ಕಳಿಸುವುದಿಲ್ಲ. ಮರುದಿನ ಬೆಳಿಗ್ಗೆ ಲೋಕಲ್ ರೈಲಿನಲ್ಲಿ ಸೀಟು ಸಿಕ್ಕಿದರೆ ಫೋನ್ ತೆಗೆದು ನೋಡುತ್ತೇನೆ. ಸೀಟು ಸಿಗದ ದಿನ ಕೈ ಎತ್ತಲೂ ಜಾಗ ಇರಲ್ಲ, ಬಿಡಿ. ಪಕ್ಕದಲ್ಲಿ ಕೂತವರು ಇಣುಕಿ "ಎಷ್ಟು ವರ್ಷ?" ಅಂತ ಕೇಳಿದರೆ ಸರಿಯಾಗಿದೆ ಅಂತ ಲೆಕ್ಕ. "ಯಾವ ಆ್ಯಪ್?" ಅಂದರೆ ರಾತ್ರಿ ಮತ್ತೆ ಕೂತು ಎಲ್ಲ ಸ್ಲೈಡರ್ ಅರ್ಧಕ್ಕೆ ಇಳಿಸುವುದು.

ಅಜ್ಜಿಯ ಮೊಮ್ಮಗಳ ಫೋಟೋ ಹೀಗೆ ಎರಡನೇ ಸಲಕ್ಕೆ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಬೊಟ್ಟು ಇದ್ದಲ್ಲೇ ಇತ್ತು, ಗಲ್ಲದ ಜೊಲ್ಲು ಕೂಡ. 8x12 ಮ್ಯಾಟ್ ಪ್ರಿಂಟ್ ಹಾಕಿಸಿದೆ. ಸ್ಕ್ರೀನ್ ಬ್ರೈಟ್‌ನೆಸ್ ಪೂರ್ತಿ ಏರಿಸಿ ಎಡಿಟ್ ಮಾಡಿದ್ದರಿಂದ ಮೊದಲ ಪ್ರಿಂಟ್ ಕಪ್ಪಾಗಿ ಬಂತು, ಅದನ್ನು ಸುಮ್ನೆ ಡ್ರಾಯರ್‌ಗೆ ಹಾಕಿದೆ. ಎರಡನೆಯದನ್ನು ಅಜ್ಜಿ ಬಹಳ ಹೊತ್ತು ನೋಡಿದರು. "ಹಾಂ, ಇದು ನಮ್ಮ ಪುಟ್ಟಿ" ಅಂದರು.

ಮುಂದಿನ ವರ್ಷ ಮೊಮ್ಮಗನ ಫೋಟೋಗೆ ಕರೆದರು. ಹೋಗಿ ನೋಡಿದರೆ, ಮಗುವಿನ ಕೆನ್ನೆ ಮೇಲೆ ನಾಲ್ಕಾಣೆ ಅಗಲದ ಬೊಟ್ಟು.