ಮಿರ್ಚಿ ಲೆಕ್ಕದ ಹಾಡು: ಮಕ್ಕಳೊಡನೆ ಪದ ಕಟ್ಟುವುದು ಹೇಗೆ?

ಮೊಬೈಲ್‌ನಲ್ಲಿ ಹಾಡು ಹಾಕಿದರೆ ಅಂಗನವಾಡಿಯ ಮಕ್ಕಳು ಕುಣಿಯುತ್ತಾರೆ, ನಿಜ. ಆದರೆ ಆ ಹಾಡು ತಡವಾಗಿ ಯೋಚಿಸುವ ಮಗುವಿಗಾಗಿ ನಿಲ್ಲುವುದಿಲ್ಲ, ಉತ್ತರಕ್ಕೆ ಕಾಯುವುದಿಲ್ಲ. ಕಾಯಬಲ್ಲ ಹಾಡನ್ನು ತರಗತಿಯಲ್ಲೇ ಕಟ್ಟಿಕೊಳ್ಳಬೇಕು. ಸಂಗೀತ ಕಲಿತವರಿಗೆ ಮಾತ್ರ ಇದು ಸಾಧ್ಯ ಎಂದು ಹಿಂಜರಿಯಬೇಡಿ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಸೀಮೆಯ ಜನಪದ ಗಾಯಕಿ ಸಿರಿಯಜ್ಜಿ ಶಾಲೆಯ ಮೆಟ್ಟಿಲು ಹತ್ತದೆಯೇ ಸಾವಿರಾರು ಪದ ಹಾಡಿದವರು.

ಒಂದು ಹಾಡಿಗೆ ಒಂದೇ ಪಾಠ ಸಾಕು. ಬಣ್ಣ, ಪ್ರಾಣಿ, ಸಂಖ್ಯೆ ಎಲ್ಲವನ್ನೂ ತುರುಕಿದರೆ ಯಾವುದೂ ಉಳಿಯುವುದಿಲ್ಲ. 'ಒಂದು ಕಳೆದರೆ ಎಷ್ಟು?' ಎಂಬುದನ್ನೇ ತೆಗೆದುಕೊಳ್ಳೋಣ. ವಸ್ತು ಮಕ್ಕಳ ಬೀದಿಯಿಂದ ಬರಲಿ. ದಾವಣಗೆರೆಯ ಮಗುವಿಗೆ ಮಂಡಕ್ಕಿ-ಮಿರ್ಚಿಯ ಪರಿಚಯ ಮಾಡಿಕೊಡಬೇಕಿಲ್ಲ.

ತಟ್ಟೆಯಲಿದ್ದವು ಐದೇ ಮಿರ್ಚಿ
ಪುಟ್ಟಿಯು ಬಂದಳು, ಒಂದನು ತಿಂದಳು
ತಟ್ಟೆಯ ಮೇಲಿನ ಮಿರ್ಚಿಗಳೆಷ್ಟು?

ಇದು ನಾಲ್ಕು ಮಾತ್ರೆಯ ನಡೆ. ಹ್ರಸ್ವಾಕ್ಷರ ಹೇಳುವಷ್ಟು ಹೊತ್ತು ಒಂದು ಮಾತ್ರೆ, ಎಳೆದೋ ಒತ್ತಿಯೋ ಹೇಳುವ ಅಕ್ಷರಕ್ಕೆ ಎರಡು. 'ತಕಧಿಮಿ ತಕಧಿಮಿ' ಎಂದು ತೊಡೆ ತಟ್ಟಿ ಹೇಳಿ ನೋಡಿ. ಮೊದಲ ಮತ್ತು ಮೂರನೆಯ ಸಾಲಿನ ಕೊನೆಗೆ ಒಂದು ಮಾತ್ರೆ ಖಾಲಿ ಉಳಿಯುತ್ತದೆ, ಅಲ್ಲಿ ಚಪ್ಪಾಳೆ. ಐದೇ, ನಾಲ್ಕೇ, ಮೂರೇ, ಎರಡೇ, ಒಂದೇ ಎಲ್ಲವೂ ನಾಲ್ಕು ಮಾತ್ರೆಯವೇ ಆದ್ದರಿಂದ ಸಂಖ್ಯೆ ಬದಲಾದರೂ ತಾಳ ತಪ್ಪುವುದಿಲ್ಲ. 'ಒಂದೇ' ಬಂದಾಗ 'ಇದ್ದವು' ಹೋಗಿ 'ತಟ್ಟೆಯಲಿದ್ದುದು' ಆಗಬೇಕು. ಇದನ್ನು ನೀವಾಗಿ ಹೇಳಬೇಡಿ, ಮಕ್ಕಳ ಕಿವಿಗೇ ಎಡವಲಿ. ಪುಟ್ಟಿಯ ಜಾಗಕ್ಕೆ ತರಗತಿಯ ಹೆಸರುಗಳನ್ನು ತನ್ನಿ: ರಾಜನು ಬಂದನು, ಆಯಿಷ ಬಂದಳು. ತನ್ನ ಹೆಸರಿನ ಸರದಿಗೆ ಕಾಯುವ ಮಗು ಲೆಕ್ಕವನ್ನೂ ಬಿಡದೆ ಹಿಂಬಾಲಿಸುತ್ತದೆ. ಕೊನೆಯ ಮಿರ್ಚಿಯೂ ಹೋದ ಮೇಲೆ ಏನು ಹಾಡಬೇಕು ಎಂದು ಕೇಳಿ. ಸೊನ್ನೆಯನ್ನು ಪರಿಚಯಿಸಲು ಇದಕ್ಕಿಂತ ಒಳ್ಳೆಯ ಗಳಿಗೆ ನನಗೆ ತಿಳಿದಿಲ್ಲ.

ಧಾಟಿಗೆ ಊರಿನ ಕೋಲಾಟದ ಪದ, ಸೋಬಾನೆ ಪದಗಳ ಕಡೆ ನೋಡಿ. ಒಬ್ಬರು ಹೇಳಿ, ಉಳಿದವರು ಸೊಲ್ಲು ಹಿಡಿಯುವ ಆ ಕ್ರಮ ತರಗತಿಗೆ ಹೇಳಿ ಮಾಡಿಸಿದ್ದು. ಆದರೆ ಒಂದು ವಿಷಯದಲ್ಲಿ ಹಟ ಹಿಡಿಯಲೇಬೇಕು: ರಾಗ ಎಳೆಯುವ ಭರದಲ್ಲಿ ಹ್ರಸ್ವ ದೀರ್ಘವಾಗಬಾರದು. 'ಬಳೆ'ಯನ್ನು ಎಳೆದು ಹಾಡಿದರೆ ಮಗುವಿನ ಕಿವಿಗೆ 'ಬಾಳೆ' ಬೀಳುತ್ತದೆ, 'ಹಸು' ಹೋಗಿ 'ಹಾಸು' ಆಗುತ್ತದೆ. ಇನ್ನೂ ಅಕ್ಷರ ಕಲಿಯುತ್ತಿರುವ ಮಗು ಕೇಳಿದಂತೆಯೇ ಬರೆಯುತ್ತದೆ. ಎಳೆಯಬೇಕೆನಿಸಿದಾಗ ದೀರ್ಘಾಕ್ಷರವಿರುವ ಪದವನ್ನೇ ಆ ಜಾಗಕ್ಕೆ ತನ್ನಿ.

ಶ್ರುತಿ ಮಕ್ಕಳದಾಗಿರಲಿ. ಅವರ ದನಿ ದೊಡ್ಡವರಿಗಿಂತ ಮೇಲಿರುತ್ತದೆ, ಅದರಲ್ಲೂ ಮೇಷ್ಟ್ರ ತಗ್ಗು ದನಿಗೆ ಅವರು ಇಳಿಯಲಾರರು. ಜೋರಾಗಿ ಕೂಗಿಸುವುದಂತೂ ಬೇಡವೇ ಬೇಡ.

ಮುಖ್ಯವಾದ ಹೆಜ್ಜೆ ಕೊನೆಯದು, ಹೆಚ್ಚಿನವರು ಬಿಟ್ಟುಬಿಡುವುದೂ ಅದನ್ನೇ. ಹಾಡು ಬಾಯಿಗೆ ಬಂದ ಮಾತ್ರಕ್ಕೆ ಲೆಕ್ಕ ಬಂದಿತೆಂದಲ್ಲ. ಒಂದು ದಿನ ಹಾಡಿಲ್ಲದೆ, ಮಗುವಿನ ಮುಂದೆ ನಾಲ್ಕು ಹುಣಸೆ ಬೀಜ ಇಟ್ಟು ಒಂದನ್ನು ತೆಗೆಯಿರಿ. ಮಗು ತಕ್ಷಣ ಹೇಳಿದರೆ ಸರಿ. 'ಐದೇ ಮಿರ್ಚಿ'ಯಿಂದ ಗುನುಗಿಕೊಂಡು ಬಂದೇ ಉತ್ತರ ಹೇಳುವುದಾದರೆ ಅದಕ್ಕೆ ಸಾಲು ಗೊತ್ತಿದೆ, ಸಂಖ್ಯೆ ಇನ್ನೂ ಗೊತ್ತಿಲ್ಲ. ಅಂಥ ಮಗುವಿನ ಕೈಗೆ ಬೀಜಗಳನ್ನು ಕೊಟ್ಟು, ಪ್ರತಿ 'ತಿಂದಳು'ವಿಗೂ ಒಂದೊಂದನ್ನು ಎತ್ತಿಡುತ್ತಾ ಹಾಡಲು ಬಿಡಿ.

ಅದು ಕೈಗೆ ಹತ್ತಿದ ಮೇಲೆ ಹತ್ತರಿಂದ ಆರಂಭಿಸಿ. ಹತ್ತೇ, ಎಂಟೇ, ಏಳೇ, ಆರೇ ಸಲೀಸಾಗಿ ಕೂರುತ್ತವೆ. 'ಒಂಬತ್ತೇ' ಮಾತ್ರ ಆರು ಮಾತ್ರೆ, ತಾಳದಿಂದ ಹೊರಗೆ ಚಾಚುತ್ತದೆ. ಆ ಒಂದು ಸಾಲನ್ನು ತಿದ್ದಿ ಹೊಂದಿಸುವ ಕೆಲಸವನ್ನು ಮಕ್ಕಳಿಗೇ ಒಪ್ಪಿಸಿ.