ಹಳೇ ಪದ್ಮಿನಿಯನ್ನು ಕಳ್ಳರಿಂದ ಕಾಯುವುದು, ಘಾಟಿಯಲ್ಲಿ ಜೋಪಾನವಾಗಿ ಇಳಿಸುವುದು

2012ರ ಒಂದು ಬೆಳಿಗ್ಗೆ ಬಾಗಿಲು ತೆರೆದಾಗ ಮನೆ ಮುಂದೆ ನಮ್ಮ ಪದ್ಮಿನಿ ಇರಲಿಲ್ಲ. ದಿನಾ ಅದು ನಿಲ್ಲುತ್ತಿದ್ದ ಜಾಗದಲ್ಲಿ ಆಯಿಲ್ ತೊಟ್ಟಿಕ್ಕಿದ ಕಪ್ಪು ಕಲೆ ಮಾತ್ರ ಇತ್ತು. ಅಪ್ಪ 1978ರಲ್ಲಿ ಕೊಂಡ ಕಾರು. ನಾನು ಗಾಡಿ ಕಲಿತದ್ದೇ ಅದರಲ್ಲಿ.

ಮರುದಿನ ಮಧ್ಯಾಹ್ನ ಪೊಲೀಸರ ಫೋನ್ ಬಂತು. ಮೈಸೂರಿನಿಂದ ತಿ. ನರಸೀಪುರಕ್ಕೆ ಹೋಗುವ ರಸ್ತೆಯ ಒಂದು ತಿರುವಿನಲ್ಲಿ, ಗದ್ದೆ ಬದುವಿಗೆ ಮೂತಿ ಒತ್ತಿಕೊಂಡು ನಿಂತಿತ್ತು. ಕದ್ದವನು ಬಿಟ್ಟು ಓಡಿದ್ದ. ಟಾರಿನ ಮೇಲೆ ಟೈರ್ ಗುರುತು ಎಡಗಡೆ ಮಾತ್ರ ದಪ್ಪಗೆ ಬಿದ್ದಿತ್ತು. ನೋಡಿದ ಕೂಡಲೇ ನನಗೆ ಅರ್ಥವಾಯಿತು. ಬಲಗಡೆ ಮುಂದಿನ ಚಕ್ರದ ಬ್ರೇಕ್ ಒತ್ತುವ ವೀಲ್ ಸಿಲಿಂಡರ್‌ನಿಂದ ಬ್ರೇಕ್ ಆಯಿಲ್ ಸೋರುತ್ತಿತ್ತು. ಜೋರಾಗಿ ಬ್ರೇಕ್ ಒತ್ತಿದರೆ ಕಾರು ಎಡಕ್ಕೆ ಎಳೆಯುತ್ತಿತ್ತು. ಮುಂದಿನ ವಾರ ಮಾಡಿಸೋಣ ಅಂತ ನಾನೇ ಎರಡು ತಿಂಗಳು ತಳ್ಳಿದ್ದೆ. ಆ ಕಾರಿನಲ್ಲಿ ಅವತ್ತು ನನ್ನ ಮಗಳು ಕೂತಿದ್ದರೆ ಏನಾಗುತ್ತಿತ್ತು ಅನ್ನುವ ಯೋಚನೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಅದಕ್ಕೇ ಕಳ್ಳತನ ಮತ್ತು ಓಡಿಸುವ ರೀತಿ, ಎರಡನ್ನೂ ಒಟ್ಟಿಗೆ ಬರೆಯುತ್ತಿದ್ದೇನೆ. ಇಟಲಿಯಲ್ಲಿ 1962ರಲ್ಲಿ ಬಂದ ಫಿಯೆಟ್ 1100ಡಿ ಕಾರೇ ಮುಂಬೈಯ ಕುರ್ಲಾದಲ್ಲಿ ತಯಾರಾಗಿ, 1974ರಿಂದ ಪ್ರೀಮಿಯರ್ ಪದ್ಮಿನಿ ಅನ್ನಿಸಿಕೊಂಡಿತು. ಅದರ ಬೀಗವೂ ಬ್ರೇಕೂ ಒಂದೇ ಕಾಲದವು. ಆ ಕಾಲದ ರಸ್ತೆಗೆ, ಆ ಕಾಲದ ಊರಿಗೆ ಅವು ಸಾಕಾಗಿದ್ದವು. ಈಗ ಕಡಿಮೆ ಬೀಳುವುದನ್ನು ನಾವು ತುಂಬಬೇಕು.

ಮೊದಲು ಕಾರನ್ನು ಕಾಯುವ ವಿಷಯ. ಬಾಗಿಲಿನ ಬೀಗವನ್ನು ನಂಬಬೇಡಿ. ನಲವತ್ತು ವರ್ಷ ತಿರುಗಿ ಒಳಗೆ ಸವೆದಿರುತ್ತದೆ. ನಮ್ಮ ಕಾರಿನ ಬಾಗಿಲು ಮನೆಯ ಬೀರುವಿನ ಕೀಲಿಗೂ ತೆರೆಯುತ್ತಿತ್ತು! ಮುಂದಿನ ಕಿಟಕಿಯ ಪಕ್ಕದ ತ್ರಿಕೋನ ಗಾಜಿನ ಚಿಲಕ ನೋಡಿ. ಅದು ಸಡಿಲವಿದ್ದರೆ ಬಾಗಿಲಿಗೆ ಬೀಗ ಹಾಕಿಯೂ ಪ್ರಯೋಜನವಿಲ್ಲ.

ನಾನು ನೆಚ್ಚಿಕೊಂಡಿರುವುದು ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್‌ನ ರೋಟರ್ ಅನ್ನು. ಬಾನೆಟ್ ಎತ್ತಿ, ಡಿಸ್ಟ್ರಿಬ್ಯೂಟರ್ ಕ್ಯಾಪ್‌ನ ಕ್ಲಿಪ್ ಬಿಚ್ಚಿದರೆ ಹೆಬ್ಬೆರಳಿನಷ್ಟು ದೊಡ್ಡ ಒಂದು ತುಂಡು ಸಿಗುತ್ತದೆ. ಅದನ್ನು ಮೇಲಕ್ಕೆ ಎಳೆದರೆ ಕೈಗೆ ಬರುತ್ತದೆ. ಅದಿಲ್ಲದೆ ಪ್ಲಗ್‌ಗಳಿಗೆ ಕಿಡಿ ಹೋಗುವುದಿಲ್ಲ. ಸೆಲ್ಫ್ ಎಷ್ಟು ತಿರುಗಿಸಿದರೂ ಎಂಜಿನ್ ಹತ್ತುವುದಿಲ್ಲ. ಊರಿಗೆ ಹೋಗುವಾಗ ನಾನು ಅದನ್ನು ಕಿತ್ತು, ಬಟ್ಟೆಯಲ್ಲಿ ಸುತ್ತಿ, ದೇವರ ಮನೆಯ ಡಬ್ಬಿಯಲ್ಲಿಟ್ಟು ಹೋಗುತ್ತೇನೆ. ಕ್ಯಾಪ್ ಮಾತ್ರ ಮತ್ತೆ ಮುಚ್ಚಿಡಿ, ಧೂಳು ಹೋಗಬಾರದು.

ದಿನಾ ರೋಟರ್ ತೆಗೆಯುವುದು ಆಗದ ಮಾತು. ದಿನದ ಬಳಕೆಗೆ ಬ್ಯಾಟರಿಯ ಸಂಪರ್ಕ ಕಡಿಯುವ ಕಟಾಫ್ ಸ್ವಿಚ್ ಹಾಕಿಸಿ. ಹಳೇ ವೈರಿಂಗ್‌ನಿಂದ ಬೆಂಕಿ ಹತ್ತುವ ಭಯವೂ ಕಡಿಮೆಯಾಗುತ್ತದೆ. ಜೊತೆಗೆ ಇಗ್ನಿಷನ್ ಲೈನಿಗೆ ಒಂದು ಗುಪ್ತ ಸ್ವಿಚ್ ಇರಲಿ. ಅದನ್ನು ಎಲ್ಲಿ ಕೂರಿಸಿದ್ದೀರಿ ಅಂತ ಮನೆಯವರಿಗೆ ಬಿಟ್ಟು ಯಾರಿಗೂ ಹೇಳಬೇಡಿ, ಫೋಟೋದಲ್ಲೂ ಕಾಣದಿರಲಿ. ಸ್ಟೇರಿಂಗ್‌ಗೆ ಹಾಕುವ ದಪ್ಪ ಕಬ್ಬಿಣದ ರಾಡು ಹೊರಗಿನಿಂದಲೇ ಕಾಣುವುದರಿಂದ ಒಳ್ಳೆಯದು. ಟ್ರ್ಯಾಕರ್ ಹಾಕಿಸುವುದಾದರೆ ಸ್ವಂತ ಬ್ಯಾಟರಿ ಇರುವಂಥದ್ದು ತನ್ನಿ. ಇಲ್ಲದಿದ್ದರೆ ನೀವು ಕಟಾಫ್ ಸ್ವಿಚ್ ಒತ್ತಿದ ಮೇಲೆ ಅದೂ ನಿದ್ದೆ ಹೋಗುತ್ತದೆ.

ಇಡೀ ಕಾರನ್ನೇ ಕದಿಯಬೇಕು ಅಂತೇನಿಲ್ಲ. ವೀಲ್ ಕಪ್, ಗ್ರಿಲ್, ಹೆಸರಿನ ಅಕ್ಷರ, ಕಾರ್ಬುರೇಟರ್, ಎಲ್ಲಕ್ಕೂ ಗಿರಾಕಿ ಇದ್ದಾರೆ. ಹಾಗಾಗಿ ಮೂತಿ ಗೋಡೆಗೆ ಒತ್ತುವ ಹಾಗೆ ನಿಲ್ಲಿಸಿ. ಒಂದು ಭಾನುವಾರ ಕೂತು ಕಾರಿನ ಪ್ರತಿ ಭಾಗದ ಫೋಟೋ ತೆಗೆದಿಡಿ. ಚಾಸಿಸ್ ನಂಬರ್ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆಯಿರಿ, ಆರ್‌ಟಿಓ ಕೆಲಸಕ್ಕೆ ತೆಗೆಯುತ್ತಾರಲ್ಲ, ಹಾಗೆ. ಎಂಜಿನ್ ನಂಬರಿಗೂ ಅಷ್ಟೇ. ನಮ್ಮ ಕಾರು ಸಿಕ್ಕಾಗ ನಂಬರ್ ಪ್ಲೇಟ್ ಇರಲಿಲ್ಲ. ಅದು ನಮ್ಮದೇ ಅಂತ ತೋರಿಸಿದ್ದು ಅಪ್ಪನ ಫೈಲಿನಲ್ಲಿದ್ದ ಆ ಪೆನ್ಸಿಲ್ ಪ್ರಿಂಟು.

ಆರ್‌ಸಿ ಚಾಲ್ತಿಯಲ್ಲಿರಲಿ. ಖಾಸಗಿ ಕಾರಿಗೆ ಮೊದಲ 15 ವರ್ಷ ಮುಗಿದ ಮೇಲೆ 5 ವರ್ಷಕ್ಕೊಮ್ಮೆ ರಿನ್ಯೂವಲ್ ಮಾಡಿಸಬೇಕು. ಇನ್ಶೂರೆನ್ಸ್‌ನಲ್ಲಿ ಬರೆದಿರುವ ಮೊತ್ತ ಎಷ್ಟು ಅಂತ ಒಮ್ಮೆ ನೋಡಿ. ಥರ್ಡ್ ಪಾರ್ಟಿ ಮಾತ್ರ ಇದ್ದರೆ ಕಳುವಿಗೆ ಒಂದು ರೂಪಾಯಿಯೂ ಬರುವುದಿಲ್ಲ. ಕಾರು ಹೋದರೆ ಕೂಡಲೇ ಎಫ್‌ಐಆರ್ ಮಾಡಿಸಿ, ಅದೇ ದಿನ ಇನ್ಶೂರೆನ್ಸ್‌ನವರಿಗೂ ಆರ್‌ಟಿಓಗೂ ಬರೆದು ತಿಳಿಸಿ. ಹಳೇ ಕಾರು ಕೊಳ್ಳುವವರೂ ಎಚ್ಚರವಾಗಿರಬೇಕು. ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆ ಎನ್‌ಸಿಆರ್‌ಬಿಯ ವಾಹನ್ ಸಮನ್ವಯ ಅನ್ನುವ ಆನ್‌ಲೈನ್ ಸೇವೆಯಲ್ಲಿ ನಂಬರ್ ಹಾಕಿದರೆ ಅದು ಕಳುವಿನ ದಾಖಲೆಯಲ್ಲಿದೆಯೇ ಅಂತ ತಿಳಿಯುತ್ತದೆ.

50 ವರ್ಷ ದಾಟಿದ ಕಾರಿಗೆ 2021ರ ನಿಯಮದಲ್ಲಿ ವಿಂಟೇಜ್ ನೋಂದಣಿ ಸಿಗುತ್ತದೆ. ಆದರೆ ಅಂಥ ಕಾರನ್ನು ದಿನಬಳಕೆಗೆ ರಸ್ತೆಗೆ ತರುವಂತಿಲ್ಲ. ನಮ್ಮದಕ್ಕೆ 2028ರಲ್ಲಿ 50 ತುಂಬುತ್ತದೆ. ನನಗಂತೂ ಆ ನೋಂದಣಿ ಬೇಡ. ಮಾರ್ಕೆಟ್ಟಿಗೆ, ಮದುವೆಗೆ ಹೋಗಿಬಂದರೇನೇ ಅದು ಕಾರು.

ಇನ್ನು ಓಡಿಸುವುದು. ಹೊಸ ಕಾರಿನಿಂದ ಇಳಿದು ನೇರ ಇದನ್ನು ಹತ್ತುವವರು ಜಾಸ್ತಿ ತಪ್ಪು ಮಾಡುತ್ತಾರೆ. 1089 ಸಿಸಿ ಎಂಜಿನ್ ಇದನ್ನು ಸಲೀಸಾಗಿ 80ಕ್ಕೆ ಒಯ್ಯುತ್ತದೆ. ನಿಲ್ಲಿಸುವ ವಿಷಯವೇ ಬೇರೆ. ವೇಗ 40ರಿಂದ 80 ಆದರೆ ಬ್ರೇಕ್ ನುಂಗಬೇಕಾದ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ನಮ್ಮ ಕಾರಿನ ನಾಲ್ಕೂ ಚಕ್ರಕ್ಕೆ ಇರುವುದು ಡ್ರಮ್ ಬ್ರೇಕ್, ಅಂದರೆ ಚಕ್ರದ ಜೊತೆ ತಿರುಗುವ ಡ್ರಮ್ಮಿಗೆ ಒಳಗಿನಿಂದ ಲೈನರ್ ಒತ್ತಿ ನಿಲ್ಲಿಸುವಂಥದ್ದು. ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ ಇಲ್ಲ, ಪೆಡಲ್ ಹಗುರ ಮಾಡುವ ಬೂಸ್ಟರ್ ಇಲ್ಲ, ಒತ್ತುವುದೆಲ್ಲ ನಿಮ್ಮ ಕಾಲೇ. ಬ್ರೇಕ್ ಆಯಿಲ್ ಹೋಗುವುದು ಒಂದೇ ಲೈನಿನಲ್ಲಿ, ಎಲ್ಲಿ ಸೋರಿದರೂ ನಾಲ್ಕೂ ಹೋದ ಹಾಗೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ನಾನು 60ಕ್ಕಿಂತ ಹೆಚ್ಚು ಹೋಗುವುದಿಲ್ಲ, ಅದೂ ಸರ್ವಿಸ್ ರಸ್ತೆಯಲ್ಲಿ. ಮುಂದೆ ಬಿಟ್ಟ ಜಾಗಕ್ಕೆ ಯಾರಾದರೂ ನುಗ್ಗಿದರೆ ಮತ್ತೆ ಅಷ್ಟೇ ಜಾಗ ಬಿಡುತ್ತೇನೆ.

ತಿರುವಿನಲ್ಲಿ ಮಾಡಬೇಕಾದ ಕೆಲಸ ತಿರುವಿಗೆ ಮುಂಚೆಯೇ ಮುಗಿದಿರಬೇಕು. ನೇರ ರಸ್ತೆಯಲ್ಲೇ ವೇಗ ಇಳಿಸಿ, ಗೇರ್ ಹಾಕಿ, ಆಮೇಲೆ ಆಕ್ಸಿಲರೇಟರನ್ನು ಹಗುರವಾಗಿ ಹಿಡಿದುಕೊಂಡು ತಿರುಗಿ. ಮಧ್ಯದಲ್ಲಿ ಬ್ರೇಕ್ ಒತ್ತಬೇಡಿ. ಹಿಂದೆ ಇರುವುದು ಒಂದೇ ಗಟ್ಟಿ ಆಕ್ಸಲ್, ಪಟ್ಟಿ ಸ್ಪ್ರಿಂಗು. ರಸ್ತೆ ಹಾಳಾಗಿದ್ದರೆ ಹಿಂಭಾಗ ಕುಣಿದು ಹೊರಕ್ಕೆ ಜಾರುತ್ತದೆ. ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಇಟ್ಟುಕೊಂಡವರು ಇನ್ನೂ ಹುಷಾರಾಗಿರಬೇಕು. ವೇಗದ ತಿರುವಿನಲ್ಲಿ ಥಟ್ಟನೆ ಕಾಲು ತೆಗೆದರೆ ಅದರ ಹಿಂದಿನ ಚಕ್ರ ಒಳಕ್ಕೆ ಮಡಚಿಕೊಳ್ಳುತ್ತದೆ.

ಟೈರ್ ವಿಷಯಕ್ಕೆ ನುಣುಪು ನೋಡಿದರೆ ಸಾಲದು, ವಯಸ್ಸೂ ನೋಡಿ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ. ಕಡಿಮೆ ಓಡುವ ಕಾರಿನಲ್ಲಿ ಟೈರ್ ಸವೆಯುವ ಮೊದಲೇ ಒಣಗಿ ಬಿರುಕು ಬಿಡುತ್ತದೆ. ಹಳೇ ಬಗೆಯ ಕ್ರಾಸ್‌ಪ್ಲೈ ಟೈರ್ ಮತ್ತು ಈಗಿನ ರೇಡಿಯಲ್ ಟೈರ್ ಬೆರೆಸಬೇಡಿ.

ಘಾಟಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಇಳಿಜಾರಿನಲ್ಲಿ ಬ್ರೇಕ್ ಎರಡು ರೀತಿಯಲ್ಲಿ ಕೈಕೊಡುತ್ತದೆ. ಒಂದು, ಡ್ರಮ್ ಕಾದು, ಲೈನರ್ ಹಿಡಿತ ಕಳೆದುಕೊಳ್ಳುವುದು. ಆಗ ಪೆಡಲ್ ಗಟ್ಟಿಯಾಗೇ ಇರುತ್ತದೆ, ಸುಟ್ಟ ವಾಸನೆ ಬರುತ್ತದೆ, ಕಾರು ಮಾತ್ರ ನಿಧಾನವಾಗುವುದಿಲ್ಲ. ಎಷ್ಟು ಜೋರಾಗಿ ಒತ್ತಿದರೂ ಇನ್ನಷ್ಟು ಕಾಯುತ್ತದೆ, ಅಷ್ಟೇ. ಇನ್ನೊಂದು, ಬ್ರೇಕ್ ಆಯಿಲ್ ಕುದಿಯುವುದು. ಆಗ ಪೆಡಲ್ ಮೆತ್ತಗಾಗಿ ಕೆಳಗೆ ಇಳಿಯುತ್ತದೆ. ಪಟಪಟ ಅಂತ ಪಂಪ್ ಮಾಡಿದರೆ ಸ್ವಲ್ಪ ಮೇಲೆ ಬರಬಹುದು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 3 ಅನ್ನುವ ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು ಅಂತ ನಿಯಮ. ನೀರು ಸೇರಿದ ಮೇಲೆ ಅದೇ ಮಿತಿ 140ಕ್ಕೆ ಬರುತ್ತದೆ. ಅದಕ್ಕೇ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸಿ. ಸುಮ್ನೆ ಮೇಲೆ ತುಂಬಿಸಿಕೊಂಡು ಹೋಗಬೇಡಿ.

"ಅಕ್ಕಾ, ಹತ್ತೋ ಗೇರಲ್ಲೇ ಇಳೀಬೇಕು" ಅಂತ ನಮ್ಮ ಮೆಕ್ಯಾನಿಕ್ ಭಾಯಿ ಹೇಳುತ್ತಿದ್ದರು. ನಾನು ಇಳಿಯುವ ಮೊದಲೇ ಎರಡನೇ ಗೇರ್ ಹಾಕುತ್ತೇನೆ. ನಮ್ಮ ಕಾರಿನ ಮೊದಲ ಗೇರ್ ಓಡುವಾಗ ಸುಲಭಕ್ಕೆ ಬೀಳುವುದಿಲ್ಲ, ಹೆದರಿಕೆಯಲ್ಲಂತೂ ಬೀಳುವುದೇ ಇಲ್ಲ. ಕಾಲನ್ನು ಬ್ರೇಕ್ ಮೇಲೆ ಇಟ್ಟುಕೊಂಡೇ ಇಳಿಯಬೇಡಿ. ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಪೂರ್ತಿ ಬಿಡಿ, ಡ್ರಮ್ ಆರಲಿ. ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಹಾಕುವ ಅಭ್ಯಾಸ ಇದ್ದರೆ ದಯವಿಟ್ಟು ಬಿಟ್ಟುಬಿಡಿ. ಮಳೆಯಲ್ಲಿ ನಿಂತ ನೀರು ದಾಟಿದ ಮೇಲೆ ಹಗುರವಾಗಿ ಒಂದೆರಡು ಸಲ ಬ್ರೇಕ್ ಒತ್ತಿ ಒಣಗಿಸಿಕೊಳ್ಳಿ.

ಧರ್ಮಸ್ಥಳಕ್ಕೆ ಹೋಗುವಾಗ ನಾವು ಚಾರ್ಮಾಡಿ ಘಾಟಿಯ ಮೇಲಿರುವ ಕೊಟ್ಟಿಗೆಹಾರದಲ್ಲಿ ನಿಲ್ಲಿಸುತ್ತೇವೆ. ಮಗಳು ನೀರುದೋಸೆ ಹೇಳುವಷ್ಟರಲ್ಲಿ ನಾನು ನಾಲ್ಕೂ ಚಕ್ರದ ಒಳಬದಿ ಬಗ್ಗಿ ನೋಡುತ್ತೇನೆ, ಎಲ್ಲಾದರೂ ಒದ್ದೆ ಇದೆಯೇ ಅಂತ. ಪೆಡಲನ್ನು ಒತ್ತಿ ಹಿಡಿದು ಇಪ್ಪತ್ತು ಎಣಿಸುತ್ತೇನೆ. ಕೆಳಗೆ ಜಾರಿದರೆ ಚಾರ್ಮಾಡಿ ಇಳಿಯುವುದಿಲ್ಲ, ಬಸ್ಸಿಗೆ ಹೋಗುತ್ತೇವೆ. ಅರ್ಧ ಘಾಟಿ ಇಳಿದ ಮೇಲೆ ಅಗಲವಾದ ಜಾಗ ನೋಡಿ ಮತ್ತೆ ಇಪ್ಪತ್ತು ನಿಮಿಷ ನಿಲ್ಲಿಸುತ್ತೇನೆ. ಕಾದ ಡ್ರಮ್ಮಿಗೆ ನೀರು ಸುರಿಯಬಾರದು, ಎರಕದ ಕಬ್ಬಿಣ ಸೀಳುತ್ತದೆ. ತಾನಾಗೇ ಆರಬೇಕು. ಚಕ್ರದ ಹತ್ತಿರ ಕೈ ಒಡ್ಡಿದಾಗ ಝಳ ತಟ್ಟದಿದ್ದರೆ ಎರಡನೇ ಗೇರ್ ಹಾಕಿ ಹೊರಡುತ್ತೇನೆ.